ಸೆಕೆಂಡ್ ಹ್ಯಾಂಡ್ ಗಾಡಿಯ ಲೆಡ್ಜರ್

ಪುಟಾಣಿಗಳೇ, ಪಕ್ಕದಲ್ಲಿ ಕುಳಿತು ಕನ್ನಡಕ ಒರೆಸಿಕೊಳ್ಳುತ್ತಿರುವ ಅಜ್ಜ-ಅಜ್ಜಿಯರೇ, ಈ ವಾರ ಕಾರಿನ ವಿಷಯ. ಹೊಸ ಕಾರಲ್ಲ, ಒಬ್ಬರು ಓಡಿಸಿ ಮಾರಲು ಇಟ್ಟ ಕಾರು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ಈ ಮುದುಕನಿಗೆ ಕಾರಿನ ಬಗ್ಗೆ ಏನು ಗೊತ್ತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಂಜಿನ್ ಬಿಚ್ಚಿ ಜೋಡಿಸಲು ನನಗೆ ಬರುವುದಿಲ್ಲ. ಆದರೆ ಒಂದು ಲೆಕ್ಕ ಇನ್ನೊಂದು ಲೆಕ್ಕಕ್ಕೆ ತಾಳೆಯಾಗುತ್ತದೋ ಇಲ್ಲವೋ ಎಂದು ನೋಡಲು ಬರುತ್ತದೆ. ಹಳೆ ಗಾಡಿ ಕೊಳ್ಳುವಾಗ ಬೇಕಾದದ್ದು ಮುಕ್ಕಾಲು ಪಾಲು ಅದೇ ವಿದ್ಯೆ.

ನಮ್ಮ ಮನೆಗೆ ಕಾರು ಬೇಕಾದದ್ದು ಶೋಕಿಗಲ್ಲ. ನನ್ನಾಕೆಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ. ಈಗಿರುವ ಸಣ್ಣ ಕಾರಿನ ಸೀಟು ತೀರಾ ತಗ್ಗು. ಕೂರುವಾಗ ಬಾವಿಗೆ ಇಳಿದಂತೆ, ಏಳುವಾಗ ಬಾವಿಯಿಂದ ಹತ್ತಿದಂತೆ. ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಆಗಾಗ ಹೋಗಬೇಕು. ಸೀಟು ಎತ್ತರ ಇರಬೇಕು, ತಳ ನೆಲಕ್ಕೆ ತಾಗಬಾರದು, ನಮ್ಮ ಓಣಿಯಲ್ಲಿ ತಿರುಗಿಸಲು ಬರುವಷ್ಟು ಚಿಕ್ಕದಿರಬೇಕು. ಹಣ ಆಕೆಯ ಹೆಸರಿನ ಎಫ್‌ಡಿಯದು, 5 ಲಕ್ಷ ರೂಪಾಯಿ. "ಅದರ ಮೇಲೆ ಒಂದು ರೂಪಾಯಿಯನ್ನೂ ಮುಟ್ಟುವ ಹಾಗಿಲ್ಲ ರೀ, ಉಳಿದದ್ದು ಆಸ್ಪತ್ರೆಗೆ" ಎಂದು ಆಕೆ ಮೊದಲೇ ಗೆರೆ ಎಳೆದಿದ್ದಳು.

ಒಂಬತ್ತನೇ ತರಗತಿಯ ಮೊಮ್ಮಗನ ಬೇಡಿಕೆ ಬೇರೆ. "ಅಜ್ಜ, ಸ್ಪೋರ್ಟಿ ಇರಬೇಕು." ಅವನು ಹುಡುಕಿ ತಂದ ಹೆಸರು ಫೋರ್ಡ್ ಇಕೋಸ್ಪೋರ್ಟ್.

ಈ ಗಾಡಿ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2013ರಲ್ಲಿ, ತಯಾರಾಗುತ್ತಿದ್ದದ್ದು ಚೆನ್ನೈ ಹತ್ತಿರದ ಕಾರ್ಖಾನೆಯಲ್ಲಿ. ನೋಡಲು ಜೀಪಿನ ಗತ್ತು, ಒಳಗೆ ಕಾರಿನ ಮೈಕಟ್ಟು. ಇಂಥದ್ದಕ್ಕೆ ಕ್ರಾಸ್ಓವರ್ ಎನ್ನುತ್ತಾರೆ. ನೆಲದಿಂದ ತಳಕ್ಕೆ 200 ಮಿಲಿಮೀಟರ್ ಅಂತರ. ಹೆಚ್ಚಿನವುಗಳಲ್ಲಿ ಸ್ಟೆಪ್ನಿ ಚಕ್ರ ಬೆನ್ನಿಗೆ ನೇತು ಬಿದ್ದಿರುತ್ತದೆ. ಹಿಂಬಾಗಿಲು ಬೀರುವಿನ ಬಾಗಿಲಿನಂತೆ ಪಕ್ಕಕ್ಕೆ ತೆರೆಯುತ್ತದೆ.

ಪುಟಾಣಿಗಳೇ, ಒಂದು ಒಗಟು. ಮೊದಲು ಬಂದ ಇಕೋಸ್ಪೋರ್ಟ್‌ನ ಉದ್ದ 3,999 ಮಿಲಿಮೀಟರ್. 4 ಮೀಟರ್‌ಗೆ ಒಂದೇ ಒಂದು ಮಿಲಿಮೀಟರ್ ಕಡಿಮೆ. ಯಾಕೆ? ಉತ್ತರ ತೆರಿಗೆಯಲ್ಲಿದೆ. ಉದ್ದ 4 ಮೀಟರ್‌ಗಿಂತ ಕಡಿಮೆ ಇದ್ದು, ಎಂಜಿನ್ ಪೆಟ್ರೋಲಿನದಾದರೆ 1,200 ಸಿಸಿ, ಡೀಸೆಲಿನದಾದರೆ 1,500 ಸಿಸಿ ಮೀರದಿದ್ದರೆ ನಮ್ಮ ದೇಶದಲ್ಲಿ ಸಣ್ಣ ಕಾರಿನ ಕಡಿಮೆ ತೆರಿಗೆ. ಒಂದು ಮಿಲಿಮೀಟರ್‌ಗೂ ಲೆಕ್ಕವುಂಟು!

ಇನ್ನು 'ಸ್ಪೋರ್ಟಿ' ಎನ್ನುವುದರ ಅರ್ಥ. 2018ರಲ್ಲಿ ಇದರದೇ 'ಎಸ್' ಎಂಬ ಬಗೆ ಬಂತು. ಕಪ್ಪು ಮಾಡು, ಕಪ್ಪು ಚಕ್ರ, ಒಳಗೆ 1 ಲೀಟರಿನ ಇಕೋಬೂಸ್ಟ್ ಟರ್ಬೊ ಪೆಟ್ರೋಲ್ ಎಂಜಿನ್. ಮೂರೇ ಸಿಲಿಂಡರ್. ಈ ಎಂಜಿನ್ನಿನ ಬುಡದ ಅಚ್ಚು ಒಂದು ಎ4 ಕಾಗದದ ಹಾಳೆಯಷ್ಟು ಜಾಗದಲ್ಲಿ ಕೂರುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. 2012, 2013, 2014 ಮೂರೂ ವರ್ಷ ಅಂತರರಾಷ್ಟ್ರೀಯ 'ವರ್ಷದ ಎಂಜಿನ್' ಪ್ರಶಸ್ತಿ ಇದಕ್ಕೇ ಬಂತು. ಇಷ್ಟು ಸಣ್ಣ ಎಂಜಿನ್ನಿಗೆ 125 ಪಿಎಸ್ ಶಕ್ತಿ ಎಲ್ಲಿಂದ? ಟರ್ಬೊದಿಂದ. ಹೊರಗೆ ಹೋಗುವ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಕಮ್ಮಾರ ತಿದಿ ಒತ್ತಿದರೆ ಕುಲುಮೆಯ ಕೆಂಡ ನಿಗಿನಿಗಿ ಎನ್ನುತ್ತದಲ್ಲ, ಹಾಗೆ.

ಆದರೆ ತಿದಿ ಜೋರಾದಷ್ಟೂ ಕುಲುಮೆಯನ್ನು ನೋಡಿಕೊಳ್ಳುವ ಕೆಲಸವೂ ಜಾಸ್ತಿ. ಈ 1 ಲೀಟರ್ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಎಂಜಿನ್ ಆಯಿಲಿನಲ್ಲೇ ನೆನೆದುಕೊಂಡು ಓಡುತ್ತದೆ. ಹೇಳಿದ ದರ್ಜೆಯ ಆಯಿಲನ್ನು ಹೇಳಿದ ಹೊತ್ತಿಗೆ ಬದಲಿಸದಿದ್ದರೆ ಬೆಲ್ಟ್ ಸವೆದು, ಅದರ ಪುಡಿ ಆಯಿಲ್ ಹೋಗುವ ದಾರಿಯನ್ನೇ ಕಟ್ಟಬಹುದು. ಬೆಲ್ಟ್ ಕಿತ್ತರೆ ಎಂಜಿನ್ನಿಗೇ ಪೆಟ್ಟು. ಹಾಗಾಗಿ ಇಂಥ ಗಾಡಿ ಕೊಳ್ಳುವಾಗ ಆಯಿಲ್ ಬದಲಿಸಿದ ಬಿಲ್ಲುಗಳೇ ಅದರ ಜಾತಕ. ಬಿಲ್ಲು ಇಲ್ಲದ 'ಎಸ್' ಗಾಡಿಗೆ ನಾನು ಕೈ ಹಾಕುವುದಿಲ್ಲ ಎಂದು ಮೊಮ್ಮಗನಿಗೆ ಹೇಳಿದೆ.

ಆಟೋಮ್ಯಾಟಿಕ್ ಗೇರಿನದು ಬೇಕೆನ್ನುವವರು ವರ್ಷ ನೋಡಿಕೊಳ್ಳಿ. 2017ರ ಕೊನೆಗೆ ಹೊಸ ರೂಪ ಬರುವ ಮೊದಲಿನ ಪೆಟ್ರೋಲ್ ಆಟೋಮ್ಯಾಟಿಕ್‌ನಲ್ಲಿ ಎರಡು ಕ್ಲಚ್ಚಿನ ಗೇರುಪೆಟ್ಟಿಗೆ, ನಂತರದ್ದರಲ್ಲಿ ಟಾರ್ಕ್ ಕನ್ವರ್ಟರ್. ಹಳೆಯದಾದರೆ ಸಂತೆಬೀದಿಯಂಥ ಕಡೆ ನಿಧಾನಕ್ಕೆ ಓಡಿಸಿ, ಎಳೆಯುವಾಗ ಅದುರುತ್ತದೋ ನೋಡಬೇಕು. ರಿಪೇರಿಗೆ ಕೂತರೆ ಸಣ್ಣ ಮೊತ್ತದಲ್ಲಿ ಮುಗಿಯುವ ಭಾಗವಲ್ಲ ಅದು.

ಇನ್ನೊಂದು ಮಾತು ಅಜ್ಜಂದಿರಿಗೆ. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಸರ್ವಿಸ್ ಮತ್ತು ಬಿಡಿಭಾಗ ಕೊಡುವುದನ್ನು ಮುಂದುವರಿಸುವುದಾಗಿಯೂ ಹೇಳಿತು. ತಯಾರಿಕೆ ನಿಂತ ಗಾಡಿ ಎಂದ ಮೇಲೆ ಕೊಳ್ಳುವವರು ಹಿಂಜರಿಯುತ್ತಾರೆ, ಬೆಲೆಯಲ್ಲಿ ಮಾತನಾಡಲು ಜಾಗ ಸಿಗುತ್ತದೆ. ಅದು ನಮಗೆ ಲಾಭ. ನಾಳೆ ನಾವು ಮಾರುವಾಗ ಅದೇ ನಷ್ಟ. ಆದ್ದರಿಂದ ಇಂಥದ್ದನ್ನು ಎರಡು ವರ್ಷ ಓಡಿಸಿ ಮಾರುತ್ತೇನೆ ಎನ್ನುವವರು ಕೊಳ್ಳಬಾರದು. ಆರೇಳು ವರ್ಷ ಇಟ್ಟುಕೊಳ್ಳುವವರು ಯೋಚಿಸಬಹುದು. ಮೊದಲು ನಿಮ್ಮ ಊರಿನ ಹತ್ತಿರ ಇದನ್ನು ಬಲ್ಲ ಮೆಕ್ಯಾನಿಕ್ ಇದ್ದಾರೆಯೇ, ಬಿಡಿಭಾಗ ಎಷ್ಟು ದಿನಕ್ಕೆ ತರಿಸುತ್ತಾರೆ ಎಂದು ಕೇಳಿಕೊಳ್ಳಿ. ನಾನು ಗಾಡಿ ನೋಡುವ ಮೊದಲೇ ಇದನ್ನು ಕೇಳಿದ್ದೆ. ನಮ್ಮ ಮೆಕ್ಯಾನಿಕ್ ಧೈರ್ಯ ಹೇಳಿದ ಮೇಲೆಯೇ ಹೊರಟದ್ದು.

ಮೊದಲು ನೋಡಿದ್ದು ಹಳೆ ಕಾರು ಮಾರುವ ಒಂದು ಅಂಗಡಿಯಲ್ಲಿ. 2018ರ 'ಎಸ್'. ತೊಳೆದು, ಪಾಲಿಶ್ ಹಾಕಿ, ಟೈರಿಗೂ ಕಪ್ಪು ಹೊಳಪು ಬಳಿದು ಮದುಮಗನಂತೆ ನಿಲ್ಲಿಸಿದ್ದರು. ಮೀಟರ್‌ನಲ್ಲಿ 38,214 ಕಿಲೋಮೀಟರ್. ಮೊಮ್ಮಗನ ಕಣ್ಣು ಅರಳಿತು. ಅಳಿಯಂದಿರ ಕಣ್ಣೂ ಸ್ವಲ್ಪ ಅರಳಿತು.

ನಾನು ಮಕ್ಕಳಿಗೆ ಕೆಲಸ ಹಂಚಿದೆ. ಮೊಮ್ಮಗನಿಗೆ ಟೈರು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು ಎಂದರ್ಥ. ಅವನು ಮಂಡಿಯೂರಿ ಐದನ್ನೂ ಓದಿ ಬಂದ. "ಅಜ್ಜ, ಬೆನ್ನಿನದು 2018ರದ್ದು, ಕೆಳಗಿನ ನಾಲ್ಕೂ 2023ರದ್ದು, ಅವೂ ಸವೆಯಲು ಶುರುವಾಗಿವೆ." 38 ಸಾವಿರ ಓಡಿದ ಗಾಡಿಗೆ ಎರಡನೇ ಜೊತೆ ಟೈರು ಬಂದು, ಅದೂ ಸವೆಯುತ್ತಿದೆಯೇ? ನನ್ನ ತಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬಿತ್ತು. ಕ್ಲಚ್ ಪೆಡಲಿನ ರಬ್ಬರು ನುಣ್ಣಗೆ ಸವೆದಿತ್ತು. ಇನ್ನೊಂದು ಚಿಹ್ನೆ.

ಆರನೇ ತರಗತಿಯ ಮೊಮ್ಮಗಳಿಗೆ ಕೊಟ್ಟ ಕೆಲಸ ಗಾಜು, ದೀಪ, ಹಾರ್ನ್, ಬಾಗಿಲು. ಚಾಲಕನ ಬಾಗಿಲು ತೆರೆದವಳು ಅಲ್ಲೇ ನಿಂತಳು. ಬಾಗಿಲ ಚೌಕಟ್ಟಿನ ಕೆಳಭಾಗದಲ್ಲಿ, ದೊಡ್ಡವರು ಬಗ್ಗದೆ ಕಾಣದ ಜಾಗದಲ್ಲಿ, ಅರ್ಧ ಹರಿದ ಸ್ಟಿಕರ್. ಅಕ್ಷರ ಕೂಡಿಸಿ ಓದಿದಳು. "ಮುಂದಿನ ಆಯಿಲ್ ಬದಲಾವಣೆ 61,000 ಕಿಲೋಮೀಟರ್‌ಗೆ ಅಂತ ಇದೆ ಅಜ್ಜ. ಮೀಟರ್‌ನಲ್ಲಿ ಇನ್ನೂ 38 ಸಾವಿರ ಇದೆಯಲ್ಲ?"

ಅಂಗಡಿಯವರು ನಕ್ಕರು. "ಬೇರೆ ಗಾಡಿಯ ಸ್ಟಿಕರ್ ಇರಬೇಕು ಸರ್. ಹುಡುಗರು ಮರೆತು ಅಂಟಿಸಿರುತ್ತಾರೆ." ಇರಬಹುದು ಎಂದೆ. ಸರ್ವಿಸ್ ಬಿಲ್ಲು ಕೇಳಿದೆ, ಇರಲಿಲ್ಲ. ನಮ್ಮ ಮೆಕ್ಯಾನಿಕ್ ಬಳಿ ಒಮ್ಮೆ ತೋರಿಸಿಕೊಂಡು ಬರುತ್ತೇವೆ ಎಂದೆ, ಗಾಡಿ ಹೊರಗೆ ಕೊಡುವ ಪದ್ಧತಿ ಇಲ್ಲ ಎಂದರು. ನಮಸ್ಕಾರ ಹೇಳಿ ಬಂದೆವು.

ದಾರಿಯಲ್ಲಿ ಮೊಮ್ಮಗಳು ಕೇಳಿದಳು. "ಅವರು ಸುಳ್ಳು ಹೇಳಿದ್ರಾ ಅಜ್ಜ?"

"ಗೊತ್ತಿಲ್ಲ ಮಗಾ. ಮೀಟರ್ ತಿರುಗಿಸಿದ್ದರೆ ಅವರೇ ತಿರುಗಿಸಿದರೋ, ಅವರಿಗೆ ಮಾರಿದವರು ತಿರುಗಿಸಿದರೋ ಅದೂ ಗೊತ್ತಿಲ್ಲ. ಲೆಕ್ಕ ತಾಳೆಯಾಗಲಿಲ್ಲ. ನಮಗೆ ಅಷ್ಟು ಸಾಕು."

ಇದನ್ನು ನೀವೂ ನೆನಪಿಡಿ. ಕೊಳ್ಳುವುದಿಲ್ಲ ಎನ್ನಲು ಯಾರನ್ನೂ ಕಳ್ಳ ಎಂದು ಕರೆಯಬೇಕಾಗಿಲ್ಲ. ಕೌಂಟರಿನಲ್ಲಿ ಕುಳಿತಿದ್ದಾಗಲೂ ಸಹಿ ಹೊಂದದ ಚೆಕ್ಕು ಬಂದರೆ ನಾವು ತಂದವರ ಮೇಲೆ ಕೂಗಾಡುತ್ತಿರಲಿಲ್ಲ. ಹಣ ಮಾತ್ರ ಕೊಡುತ್ತಿರಲಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಎಂದು ಗಾದೆಯಿದೆ. ಒಳಗೆ ಹುಳುಕು ಇದೆಯೆಂದು ನಾವು ಸಾಬೀತು ಮಾಡಬೇಕಿಲ್ಲ. ಇಲ್ಲವೆಂದು ತೋರಿಸುವ ಕಾಗದವನ್ನು ಮಾರುವವರು ಕೊಡಬೇಕು.

ಎರಡನೆಯದು ಸಾಗರದಲ್ಲಿ, ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ. ಅದೂ 2018ರದೇ. ಆದರೆ 'ಎಸ್' ಅಲ್ಲ, ಟರ್ಬೊ ಇಲ್ಲದ ಒಂದೂವರೆ ಲೀಟರ್ ಪೆಟ್ರೋಲು, ಕೈಗೇರು. ಬೂದಿ ಬಣ್ಣ. ಎಡಬಾಗಿಲಿನ ಮೇಲೆ ಗೀರು. ಮೀಟರ್‌ನಲ್ಲಿ 74,600. ಮೊಮ್ಮಗನ ಮುಖ ಬಾಡಿತು. ಅವನಿಗೊಂದು ಲೆಕ್ಕ ಹೇಳಿದೆ. 'ಎಸ್'ನ ಶಕ್ತಿ 125 ಪಿಎಸ್, ಇದರದ್ದು 123. ಎಳೆಯುವ ಬಲದಲ್ಲಿ 170ಕ್ಕೆ 150 ನ್ಯೂಟನ್ ಮೀಟರ್, ಅಲ್ಲಿ ಟರ್ಬೊ ಮುಂದಿದೆ, ನಿಜ. ಹೆದ್ದಾರಿಯಲ್ಲಿ ಲಾರಿ ದಾಟುವಾಗ ಅದು ಗೊತ್ತಾದೀತು. ನಿನ್ನ ಅಜ್ಜಿಯನ್ನು ಕೂರಿಸಿಕೊಂಡು ಘಾಟಿ ಇಳಿಯುವಾಗ ಆ ವ್ಯತ್ಯಾಸ ಯಾರಿಗೆ ಬೇಕು?

ಮೇಷ್ಟರು ಒಳಗಿನಿಂದ ಒಂದು ಫೈಲು ತಂದರು. ಕೊಂಡ ದಿನದಿಂದ ಇಂದಿನವರೆಗಿನ ಎಲ್ಲ ಬಿಲ್ಲು, ದಿನಾಂಕದ ಪ್ರಕಾರ ದಾರ ಪೋಣಿಸಿ ಕಟ್ಟಿದ್ದರು. ನಮ್ಮ ಬ್ಯಾಂಕಿನ ವೋಚರ್ ಕಟ್ಟು ನೆನಪಾಯಿತು. ಮೊಮ್ಮಗಳು ಪ್ರತಿ ಬಿಲ್ಲಿನ ಮೇಲಿನ ಕಿಲೋಮೀಟರ್ ಓದುತ್ತಾ ಹೋದಳು. ಏರಿಕೆಯ ಕ್ರಮ, ಒಂದೂ ತಪ್ಪಿಲ್ಲ. ವರ್ಷಕ್ಕೊಮ್ಮೆ ಆಯಿಲ್ ತಪ್ಪದೆ ಬದಲಾಗಿದೆ. ಗೀರಿನ ಬಗ್ಗೆ ನಾವು ಕೇಳುವ ಮೊದಲೇ ಮೇಷ್ಟರು ಹೇಳಿದರು. "ಒಮ್ಮೆ ಗೇಟಿಗೆ ತಾಗಿಸಿದೆ. ಬಾಗಿಲು ರಿಪೇರಿ ಮಾಡಿಸಿದ್ದಕ್ಕೆ ವಿಮೆ ಹಣ ಬಂದಿದೆ, ಆ ಕಾಗದವೂ ಅದರಲ್ಲೇ ಇದೆ. ಗೀರು ಮತ್ತೆ ಆದದ್ದು, ಅದೇ ಗೇಟು." ಎಲ್ಲರೂ ನಕ್ಕೆವು.

ನಗು ಬೇರೆ, ಪರೀಕ್ಷೆ ಬೇರೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿದೆವು. ಬಿಸಿ ಮಾಡಿ ಇಟ್ಟ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ಹೊಗೆಯ ಬಣ್ಣ ನೋಡಿದೆವು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೋರುತ್ತಿರಬಹುದು. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಕಟ್ಟಿದ್ದರೂ ಅದೇ ಅನುಮಾನ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದೆವು. ನೆರೆಯಲ್ಲಿ ಮುಳುಗಿದ ಗಾಡಿಯಾದರೆ ಸೀಟು ತೊಳೆದಿರುತ್ತಾರೆ, ಬೆಲ್ಟಿನ ಒಳತುದಿಯ ಕೆಸರಿನ ಗೆರೆ ಉಳಿದುಬಿಡುತ್ತದೆ. ಹಿಂಬಾಗಿಲನ್ನು ನಾಲ್ಕು ಸಲ ತೆರೆದು ಮುಚ್ಚಿದೆವು. ಚಕ್ರದ ಭಾರ ಹೊತ್ತು ಕೀಲು ಜಗ್ಗಿರಬಾರದು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನನ್ನಾಕೆಯದು. ಐದು ಸಲ ಹತ್ತಿ ಇಳಿದಳು. ಮುಂದಿನ ಸೀಟು, ಹಿಂದಿನ ಸೀಟು ಎರಡೂ. "ಕುರ್ಚಿಯ ಮೇಲೆ ಕೂತ ಹಾಗಿದೆ" ಎಂದಳು. ಅಜ್ಜಿಯರೇ, ಗಾಡಿ ನೋಡಲು ಗಂಡಸರನ್ನಷ್ಟೇ ಕಳಿಸಬೇಡಿ. ಕೂರುವವರು ನೀವು.

ಕೊನೆಗೆ 1,500 ರೂಪಾಯಿ ಕೊಟ್ಟು ನಮ್ಮ ಮೆಕ್ಯಾನಿಕ್‌ಗೆ ತೋರಿಸಿದೆವು. ಮೇಷ್ಟರೇ ಗಾಡಿ ತಂದರು. ಮೆಕ್ಯಾನಿಕ್ ಗಾಡಿಯನ್ನು ಮೇಲೆತ್ತಿ ತಳದ ತುಕ್ಕು ನೋಡಿದರು, ಸ್ಕ್ಯಾನರ್ ಹಾಕಿ ನೋಡಿದರು, ಸರಿಯಿದೆ ಎಂದರು. ಆಗಬೇಕಾದ ಕೆಲಸಗಳ ಚೀಟಿಯನ್ನೂ ಬರೆದುಕೊಟ್ಟರು.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಮೇಷ್ಟರು ಹೇಳಿದ ಬೆಲೆ 4,70,000. ಅದು ಗಾಡಿಯ ಬೆಲೆ, ನಮ್ಮ ಖರ್ಚಲ್ಲ. ನಾಲ್ಕು ಟೈರು 28,000. ಬ್ಯಾಟರಿ 6,500. ಮುಂದಿನ ಬ್ರೇಕ್ ಪ್ಯಾಡ್ 4,000. ಆಯಿಲ್ ಮತ್ತು ಸರ್ವಿಸ್ 9,500. ವಿಮೆ ಮತ್ತು ಹೆಸರು ಬದಲಾವಣೆಗೆ 18,000. ಕೂಡಿಸಿದರೆ 66,000. ಒಟ್ಟು 5,36,000. ನನ್ನಾಕೆಯ ಗೆರೆಗಿಂತ 36,000 ಜಾಸ್ತಿ.

ಅಲ್ಲಿ ಅಳಿಯಂದಿರು ಒಂದು ಮಾತು ಹೇಳಿದರು. "ಮಾವ, ಎಫ್‌ಡಿ ಅಷ್ಟೂ ತೆಗೆಯುವುದು ಬೇಡ. ಆ ಅಂಗಡಿಯವರು 3 ಲಕ್ಷ ಸಾಲ, 12 ಪರ್ಸೆಂಟ್ ಅಂದಿದ್ದರಲ್ಲ, ಅಂಥದ್ದು ನೋಡೋಣ." ಇದು ನನ್ನ ಹಳೆ ಕಸುಬು, ಸುಮ್ಮನಿರಲಾದೀತೇ? 12 ಪರ್ಸೆಂಟ್‌ನಲ್ಲಿ ಎರಡು ಜಾತಿ. ಒಂದು ಉಳಿದ ಸಾಲದ ಮೇಲಷ್ಟೇ ಬಡ್ಡಿ. 3 ಲಕ್ಷಕ್ಕೆ 3 ವರ್ಷ, ತಿಂಗಳ ಕಂತು ಸುಮಾರು 9,964. ಒಟ್ಟು ಬಡ್ಡಿ ಸುಮಾರು 58,700. ಇನ್ನೊಂದು 'ಫ್ಲ್ಯಾಟ್'. ನೀವು ಎಷ್ಟೇ ತೀರಿಸಿದ್ದರೂ ಮೂರೂ ವರ್ಷ ಪೂರ್ತಿ 3 ಲಕ್ಷದ ಮೇಲೇ ಬಡ್ಡಿ. ವರ್ಷಕ್ಕೆ 36,000, ಮೂರು ವರ್ಷಕ್ಕೆ 1,08,000. ಹೇಳುವಾಗ ಎರಡೂ 12. ವ್ಯತ್ಯಾಸ 49,000 ರೂಪಾಯಿಗೂ ಮೇಲೆ. ಸಾಲ ಮಾಡುವವರು ಶೇಕಡಾವಾರು ಕೇಳಿ ಸುಮ್ಮನಾಗಬೇಡಿ. "ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು, ಅದನ್ನು ಬರೆದು ಕೊಡಿ" ಎನ್ನಿ. ಅಳಿಯಂದಿರು ತಲೆದೂಗಿ ಸಾಲದ ಮಾತು ಬಿಟ್ಟರು.

ಉಳಿದದ್ದು ಚೌಕಾಸಿ. ಚೌಕಾಸಿ ಎಂದರೆ ಬಾಯಿಗೆ ಬಂದ ಬೆಲೆ ಕೇಳುವುದಲ್ಲ. ಮೆಕ್ಯಾನಿಕ್ ಚೀಟಿಯನ್ನು ಮೇಷ್ಟರ ಮುಂದೆ ಇಟ್ಟೆ. ಅವರು ಸಾಲು ಸಾಲಾಗಿ ಓದಿದರು. ಗಣಿತದ ಮೇಷ್ಟರಾಗಿದ್ದವರು. "ಟೈರು ಒಪ್ಪಿದೆ. ಬ್ಯಾಟರಿ ಒಪ್ಪಿದೆ. ವಿಮೆ ನಿಮ್ಮದು, ಅದನ್ನು ನನ್ನ ತಲೆಗೆ ಕಟ್ಟಬೇಡಿ" ಎಂದರು. ನಾನು ಒಪ್ಪಿದೆ. 4,32,000ಕ್ಕೆ ಮಾತು ಮುಗಿಯಿತು. ಎಲ್ಲ ಸೇರಿ 4,98,000. "ಉಳಿದ ಎರಡು ಸಾವಿರಕ್ಕೆ ಪೆಟ್ರೋಲು ಹಾಕಿಸಿ" ಎಂದಳು ನನ್ನಾಕೆ.

ಚಕ್ರದಡಿ ನಿಂಬೆಹಣ್ಣು ಇಡುವ ಮೊದಲು ಕಾಗದದ ಕೆಲಸ ಮುಗಿಸಬೇಕು. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಗಾಡಿಯ ಮೇಲಿನದ್ದಕ್ಕೆ ಹೋಲಿಸಿ. ಸಾಲದ ನಮೂದು ಇದ್ದರೆ ಬ್ಯಾಂಕಿನಿಂದ ಫಾರ್ಮ್ 35 ಮತ್ತು ಬಾಕಿ ಇಲ್ಲದ ಪತ್ರ ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆಯನ್ನೂ ಕಟ್ಟಬೇಕು. ದೆಹಲಿಯ ಗಾಡಿ ಅಗ್ಗ ಎಂದು ಕುಣಿಯುವ ಮೊದಲು ಅದನ್ನು ಕೂಡಿಸಿ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. 2018ರ ಗಾಡಿಗೆ 2033ರವರೆಗೆ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಿ. ಹಳೆ ಮಾಲೀಕರ 'ನೋ ಕ್ಲೇಮ್ ಬೋನಸ್' ಅವರದ್ದು, ಗಾಡಿಯ ಜೊತೆ ಬರುವುದಿಲ್ಲ.

ಗಾಡಿ ಮಾರುವ ಅಜ್ಜಂದಿರಿಗೆ ಇನ್ನೂ ಮುಖ್ಯ ಮಾತು. ಹಣ ಬಂತು, ಕೀಲಿ ಕೊಟ್ಟೆ, ಮುಗಿಯಿತು ಎಂದುಕೊಳ್ಳಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ನೀವು ಮಾರಿದ ಗಾಡಿಯನ್ನು ಇನ್ಯಾರೋ ಗುದ್ದಿಸಿದರೆ ನೋಟಿಸು ನಿಮ್ಮ ಮನೆಗೆ ಬಂದೀತು. ಮೇಷ್ಟರು ಇದನ್ನು ಬಲ್ಲವರು. ಹೆಸರು ಬದಲಾಯಿಸಲು ನಮಗಿಂತ ಅವರಿಗೇ ಅವಸರವಿತ್ತು.

ಈಗ ಗಾಡಿ ಮನೆ ಮುಂದಿದೆ. ಮೊಮ್ಮಗನಿಗೆ ಕಪ್ಪು ಮಾಡಿನ ಆಸೆ ಪೂರ್ತಿ ಹೋಗಿಲ್ಲ, ಹೋಗಬೇಕೆಂದೂ ಇಲ್ಲ. ಮೊಮ್ಮಗಳು 200 ಪುಟದ ನೋಟ್‌ಬುಕ್ಕಿಗೆ ರಟ್ಟು ಹಾಕಿ, ಗೆರೆ ಎಳೆದು, ದಿನಾಂಕ, ಕಿಲೋಮೀಟರ್, ಕೆಲಸ, ಖರ್ಚು ಎಂದು ನಾಲ್ಕು ಕಾಲಂ ಮಾಡಿ ಮೊದಲ ಸಾಲು ಬರೆದಿದ್ದಾಳೆ. ಆರೇಳು ವರ್ಷದ ಮೇಲೆ ಈ ಗಾಡಿಯನ್ನು ನೋಡಲು ಯಾರಾದರೂ ಬಂದಾರು. ಅವರ ಜೊತೆಯಲ್ಲೂ ಒಂದು ಮಗು ಇದ್ದೀತು. ಅದು ಬಾಗಿಲ ಚೌಕಟ್ಟಿನ ಸ್ಟಿಕರ್ ಓದಿ, ನಮ್ಮ ನೋಟ್‌ಬುಕ್ ತೆರೆದು ನೋಡಿದರೆ ಎರಡೂ ತಾಳೆಯಾಗಬೇಕು.